ಪೂಜೆಯ ಅಕ್ಕಿಯಲ್ಲಿ ಗಂಜಿ: ನೆರೆ ಇಳಿದ ಮೇಲಿನ ಮೂರು ತಿಂಗಳು

2019ರ ಆಗಸ್ಟ್ 9, ಶುಕ್ರವಾರ. ಅವತ್ತು ವರಮಹಾಲಕ್ಷ್ಮಿ ವ್ರತ. ಕೇರಳದ ಕಾಸರಗೋಡು ಜಿಲ್ಲೆಯ ನಮ್ಮ ಊರಿನ ಭಜನಾ ಮಂದಿರದಲ್ಲಿ ಸಾಮೂಹಿಕ ಪೂಜೆ ಇಟ್ಟುಕೊಂಡಿದ್ದೆವು. ಬೆಳ್ತಿಗೆ (ಬಿಳಿ) ಅಕ್ಕಿ, ತೆಂಗಿನಕಾಯಿ, ಬೆಲ್ಲ, ಅವಲಕ್ಕಿ ಎಲ್ಲ ಹಿಂದಿನ ದಿನವೇ ಬಂದಿತ್ತು. ಪೂಜೆ ಮಾತ್ರ ನಡೆಯಲಿಲ್ಲ. ಬೆಳಗಿನ ಜಾವ ಶಿರಿಯಾ ಹೊಳೆ ತೋಟ ದಾಟಿ ತಗ್ಗಿನ ಹನ್ನೊಂದು ಮನೆಗಳಿಗೆ ನುಗ್ಗಿತು. ಮಂದಿರ ಸ್ವಲ್ಪ ಎತ್ತರದಲ್ಲಿದೆ, ಎಲ್ಲರೂ ಅಲ್ಲಿಗೇ ಬಂದರು.

ಪೂಜೆಯ ಅಕ್ಕಿಯಲ್ಲೇ ಗಂಜಿ ಇಡೋಣ ಅಂದಾಗ, "ದೇವಿಗೆ ತೆಗೆದಿಟ್ಟದ್ದು, ಮೊದಲೇ ಮುಟ್ಟಬಹುದಾ?" ಅಂತ ಒಬ್ಬರು ಕೇಳಿದರು. ಭಟ್ರು ಪಂಚೆ ಎತ್ತಿ ಕಟ್ಟಿಕೊಂಡು ನೀರಲ್ಲೇ ನಡೆದು ಬಂದಿದ್ದರು. "ಒಲೆ ಹೊತ್ತಿಸಿ ಮಾರಾಯ್ರೇ" ಅಂದರು. ಅಷ್ಟೇ. ನಮ್ಮ ಕಡೆ ಗಂಜಿ ಅಂದ್ರೆ ಕುಚ್ಚಲಕ್ಕಿಯದ್ದೇ ಆಗಬೇಕು. ಅವತ್ತು ಬೆಳ್ತಿಗೆ ಗಂಜಿ ಉಣ್ಣುವಾಗ ಯಾರೂ ತಕರಾರು ತೆಗೆಯಲಿಲ್ಲ.

ನಾನು ಕನ್ನಡ ಶಾಲೆಯಲ್ಲಿ ಲೆಕ್ಕ ಕಲಿಸುತ್ತಿದ್ದವನು. ಈಗ ಮಂದಿರದ ಲೆಕ್ಕ ಬರೆಯುತ್ತೇನೆ. ಆಪ್ತಸಲಹೆ, ಮನಶ್ಶಾಸ್ತ್ರ ಏನೂ ಓದಿದವನಲ್ಲ. ಹಾಗಾಗಿ ಮೊದಲ ತಪ್ಪೂ ನನ್ನದೇ.

ಒಬ್ಬ ಅಕ್ಕನ ಎರಡು ದನ ಹಟ್ಟಿಯಲ್ಲಿ ಕಟ್ಟಿದಲ್ಲೇ ಸತ್ತಿದ್ದವು. ಅವರ ಪಕ್ಕ ಕುಳಿತು ದೊಡ್ಡ ಮನುಷ್ಯನ ಹಾಗೆ, "ಎಲ್ಲ ದೇವರ ಇಚ್ಛೆ ಅಕ್ಕಾ, ನಿಮ್ಮ ಜೀವ ಉಳಿಯಿತಲ್ಲ" ಅಂದೆ. ಅವರು ನನ್ನ ಮುಖ ನೋಡಿದರು. "ದೇವರಿಗೆ ನನ್ನ ದನವೇ ಬೇಕಿತ್ತಾ ಮಾಷ್ಟ್ರೇ? ಹಗ್ಗ ಬಿಚ್ಚುವಷ್ಟು ಹೊತ್ತೂ ಕೊಡಲಿಲ್ವಲ್ಲ." ನನಗೆ ಬಾಯಿ ಕಟ್ಟಿಹೋಯಿತು.

ಅವತ್ತು ರಾತ್ರಿಯೇ ಮಂದಿರದ ಹುಡುಗರಿಗೆ ಹೇಳಿದೆ: ಯಾರಿಗೂ ದೇವರ ಲೆಕ್ಕ ಬಿಡಿಸಲಿಕ್ಕೆ ಹೋಗಬೇಡಿ. ಊಟ ಆಯಿತಾ, ಏನು ತರಬೇಕು, ಯಾರಿಗೆ ಫೋನು ಮಾಡಬೇಕು, ಇಷ್ಟೇ ಕೇಳಿ. ಅವರಾಗಿ ದೇವರ ಮಾತೆತ್ತಿದರೆ ಸುಮ್ನೆ ಕೇಳಿಸಿಕೊಳ್ಳಿ. ಜೋರು ಮಳೆ ಬಂದಾಗೆಲ್ಲ ಮಧೂರಿನಲ್ಲಿ ಮಧುವಾಹಿನಿ ಹೊಳೆ ಉಕ್ಕಿ ಗಣಪತಿ ದೇವಸ್ಥಾನದ ಅಂಗಳಕ್ಕೆ ನೀರು ಹತ್ತಿದ ಫೋಟೋ ನಮ್ಮ ಮೊಬೈಲುಗಳಲ್ಲಿ ಓಡಾಡುತ್ತದಲ್ವಾ, ಅಂಥದ್ದೊಂದನ್ನು ಯಾರೋ ಒಬ್ಬ ಅಜ್ಜಿಗೆ ತೋರಿಸಿದರು. "ಅವನ ಮನೆಗೇ ನೀರು ಹೊಕ್ಕಿದೆ, ಇನ್ನು ನಮ್ಮದನ್ನು ಅವನು ಯಾವಾಗ ನೋಡುವುದು!" ಅಂತ ಅಜ್ಜಿ ನಕ್ಕರು. ನಾಲ್ಕು ಜನ ಜೊತೆಗೆ ನಕ್ಕರು. ಆ ಮಾತನ್ನು ಅಜ್ಜಿ ಆಡಬಹುದು. ನಾನು ಆಡಿದ್ದರೆ ಪೆಟ್ಟು ಬೀಳುತ್ತಿತ್ತು.

ನೀರು ಇಳಿದ ಮೇಲೆ ನಾವು ಯಾರೂ ಎಣಿಸದ ಒಂದು ತೊಂದರೆ ಎದುರಾಯಿತು. ದೇವರ ಫೋಟೋಗಳು. ಹಾಸಿಗೆ, ಬಟ್ಟೆ, ಮಕ್ಕಳ ಪುಸ್ತಕ ಎಲ್ಲ ಹೊರಗೆ ಬಿಸಾಡಿದ್ದರು. ಫೋಟೋ ಮಾತ್ರ ಬಿಸಾಡಲಿಕ್ಕೆ ಕೈ ಬರುವುದಿಲ್ಲ. ಕೆಸರು ಮೆತ್ತಿ ಬಣ್ಣ ಹರಿದ ಲಕ್ಷ್ಮಿ, ಅರ್ಧ ಮುಖ ಹೋದ ಗಣಪತಿ, ಗಾಜಿನೊಳಗೆ ಕೆಂಪು ನೀರು ನಿಂತ ಅಪ್ಪನ ಫೋಟೋ. ಎಲ್ಲ ಜಗಲಿಯ ಮೂಲೆಯಲ್ಲಿ ರಾಶಿ. ಒಳಗೆ ತರುವ ಹಾಗಿಲ್ಲ, ಎಸೆಯುವ ಹಾಗಿಲ್ಲ. ಅದು ಅಲ್ಲಿರುವವರೆಗೆ ಹೆಂಗಸರು ಮನೆ ಗುಡಿಸಲೂ ಮನಸ್ಸು ಮಾಡುತ್ತಿರಲಿಲ್ಲ.

ಹೊಳೆಗೆ ಬಿಡೋಣ ಅಂದರು ಕೆಲವರು. ಗಾಜು, ಮೊಳೆ ಹೊಳೆಗೆ ಹಾಕುವುದು ನನಗೆ ಸರಿ ಕಾಣಲಿಲ್ಲ. ಕೊನೆಗೆ ಒಂದು ಭಾನುವಾರ ಎಲ್ಲವನ್ನೂ ಮಂದಿರಕ್ಕೆ ತರಿಸಿದೆವು. ಕಟ್ಟು ಬಿಚ್ಚಿ ಗಾಜು ಬೇರೆ, ಮರ ಬೇರೆ ಮಾಡಿದೆವು. ಕಾಗದಗಳನ್ನು ಒಣಗಿಸಿ, ಭಟ್ರು ಕೈಮುಗಿದು ಅಗ್ನಿಗೆ ಕೊಟ್ಟರು. ತೀರಿಕೊಂಡವರ ಫೋಟೋಗಳನ್ನು ಮಾತ್ರ ಬೇರೆ ತೆಗೆದಿಟ್ಟೆವು. ಊರಿನ ಸ್ಟುಡಿಯೋ ಹುಡುಗ ಅವುಗಳಲ್ಲಿ ಆರನ್ನು ಸರಿಮಾಡಿ ಹೊಸದಾಗಿ ಪ್ರಿಂಟ್ ಹಾಕಿ ಕೊಟ್ಟ, ದುಡ್ಡು ತೆಗೆದುಕೊಳ್ಳಲಿಲ್ಲ. ಅದೇ ಸಾಲಿನ ಎರಡು ಬ್ಯಾರಿಗಳ ಮನೆಯಲ್ಲಿ ಕುರ್‌ಆನ್ ಒದ್ದೆಯಾಗಿತ್ತು. ಮಸೀದಿಯ ಉಸ್ತಾದರು ಅದನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ, ಕಾಲು ತಾಗದ ಜಾಗ ನೋಡಿ ಹೂಳಿಸಿದರು. ಬಕ್ರೀದ್ ಮುಗಿದ ಮರುದಿನವೇ ಜಮಾಅತಿನ ಹುಡುಗರು ಪಂಪು ತಂದು ಹನ್ನೊಂದೂ ಮನೆಗಳ ಬಾವಿ ಖಾಲಿ ಮಾಡಿ ಕೊಟ್ಟಿದ್ದರು. ಮಂಜೇಶ್ವರದ ಉದ್ಯಾವರದಲ್ಲಿ ದೈವದ ಉತ್ಸವಕ್ಕೆ ಮಸೀದಿಗೆ ಹೋಗಿ ಕರೆಯುವ ಕ್ರಮ ಇರುವ ಸೀಮೆ ಇದು. ಇದರಲ್ಲಿ ಯಾರಿಗೂ ವಿಶೇಷ ಕಾಣಲಿಲ್ಲ.

ಮನೆಗೆ ವಾಪಸು ಹೋಗುವ ಮೊದಲು ಶುದ್ಧ ಆಗಬೇಕು ಅಂತ ಹೆಚ್ಚಿನವರ ಆಸೆ. ಭಟ್ರು ಒಪ್ಪಿದರು, ದಕ್ಷಿಣೆ ಬೇಡ ಅಂದರು. ಆದರೆ ಒಂದು ಷರತ್ತು ಹಾಕಿದರು: ಮೊದಲು ಬ್ಲೀಚಿಂಗ್ ಪೌಡರು, ಆಮೇಲೆ ಪುಣ್ಯಾಹ. ಬಾವಿಯ ಲೆಕ್ಕ ನನ್ನ ಪಾಲಿಗೆ ಬಂತು. ಬಾವಿಯ ಅಗಲವನ್ನು ಅಗಲದಿಂದಲೇ ಗುಣಿಸಿ, ನೀರಿನ ಆಳದಿಂದ ಗುಣಿಸಿ, ಅದನ್ನು 785ರಿಂದ ಗುಣಿಸಿದರೆ ಲೀಟರ್ ಸಿಗುತ್ತದೆ, ಅಳತೆ ಮೀಟರಿನಲ್ಲಿರಬೇಕು. ನೆರೆ ಬಂದ ಬಾವಿಗೆ 1000 ಲೀಟರಿಗೆ 5 ಗ್ರಾಂ. 2 ಮೀಟರ್ ಅಗಲದ ಬಾವಿಯಲ್ಲಿ 3 ಮೀಟರ್ ನೀರಿದ್ದರೆ 50 ಗ್ರಾಮಿನ ಹತ್ತಿರ. ಬಕೆಟಿನಲ್ಲಿ ಕಲಸಿ, ಸುಣ್ಣ ಅಡಿಗೆ ನಿಂತ ಮೇಲೆ ಮೇಲಿನ ತಿಳಿಯನ್ನು ಬಾವಿಗಿಳಿಸಿ, ಒಂದು ಗಂಟೆ ಬಿಡಬೇಕು. ನನ್ನ ಹಳೇ ವಿದ್ಯಾರ್ಥಿಗಳು ಮೊದಲ ಬಾರಿ ಗುಣಾಕಾರಕ್ಕೆ ಬೆಲೆ ಕೊಟ್ಟದ್ದು ಅವತ್ತು.

ಸಂಜೆ ಆರೂವರೆಗೆ ಭಜನೆ ಬಿಡಲಿಲ್ಲ. ಹಾರ್ಮೋನಿಯಂ ನೀರು ಕುಡಿದು ಹಾಳಾಗಿತ್ತು. ತಾಳ ಮಾತ್ರ ಇಟ್ಟುಕೊಂಡು ದಾಸರ ಪದ ಹೇಳುತ್ತಿದ್ದೆವು. ಮುಕ್ಕಾಲು ಗಂಟೆ, ಜಾಸ್ತಿ ಇಲ್ಲ. ದಿನವಿಡೀ ಕೆಸರು ಎತ್ತಿ ಯಾವ ವಾರ, ಯಾವ ತಾರೀಕು ಅಂತ ಮರೆತವರಿಗೆ ಆರೂವರೆ ಅಂತ ಒಂದು ಹೊತ್ತು ಸಿಕ್ಕಿತು. ಮುಗಿದ ಮೇಲೆ ಗಂಜಿ, ಗಂಜಿಯ ಮೇಲೆ ಆಶಾ ಕಾರ್ಯಕರ್ತೆ ಇಲಿಜ್ವರದ ಮಾತ್ರೆ ಕೊಡುತ್ತಿದ್ದರು. ಕೆಸರಲ್ಲಿ ಓಡಾಡುವ ದೊಡ್ಡವರಿಗೆ ವಾರಕ್ಕೊಮ್ಮೆ 200 ಮಿಲಿಗ್ರಾಂ ಡಾಕ್ಸಿಸೈಕ್ಲಿನ್. ಬರೀ ಹೊಟ್ಟೆಗೆ ಆಗದು, ಬಸುರಿಯರಿಗೂ ಸಣ್ಣ ಮಕ್ಕಳಿಗೂ ಅದಲ್ಲ. ಮನೆ ಮನೆಗೆ ಹೋಗಿ ಕೊಟ್ಟರೆ "ಆಮೇಲೆ ತಿನ್ನುತ್ತೇನೆ" ಅನ್ನುವವರು ಭಜನೆಯಲ್ಲಿ ಎಲ್ಲರೆದುರು ನುಂಗಿಬಿಡುತ್ತಿದ್ದರು.

ಮೂರನೇ ಕ್ಲಾಸಿನ ಒಬ್ಬ ಹುಡುಗ ಮಂದಿರದೊಳಗೆ ಚಪ್ಪಲಿ ಬಿಚ್ಚುತ್ತಿರಲಿಲ್ಲ. ಶೀಟಿನ ಮೇಲೆ ಮಳೆ ಸದ್ದು ಶುರುವಾದರೆ ಎದ್ದು ನಿಲ್ಲುತ್ತಿದ್ದ. ಹಿರಿಯರು ಗದರಿದರು. ಅವನಮ್ಮ ಮೆಲ್ಲ ಹೇಳಿದರು, "ಓಡಬೇಕಾದರೆ ಬೇಕಲ್ವಾ ಅಂತಾನೆ." ಒಂದು ಬಟ್ಟೆ ಚೀಲ ಕೊಟ್ಟೆವು. ಚಪ್ಪಲಿಯನ್ನು ಅದರಲ್ಲಿ ಹಾಕಿ ಮಡಿಲಲ್ಲಿಟ್ಟುಕೊಂಡು ಕುಳಿತ. ದೇವರೆದುರು ಚಪ್ಪಲಿ, ಎರಡು ವಾರ. ಮಂದಿರಕ್ಕೆ ಏನೂ ಆಗಲಿಲ್ಲ. ಆಮೇಲೂ ಅವನಿಗೆ ನಿದ್ದೆ ಸರಿ ಬರಲಿಲ್ಲ. ಆಗ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆವು. ಭಜನೆಯಿಂದ ಎಲ್ಲವೂ ಆಗುವುದಿಲ್ಲ.

ಕಷ್ಟವಾದದ್ದು ಹರಕೆಯ ವಿಷಯ. ಮೇ ಕೊನೆಯಲ್ಲಿ ಬರುವ ಪತ್ತನಾಜೆ ಕಳೆದ ಮೇಲೆ ದೈವಗಳಿಗೆ ಕೋಲ, ನೇಮ ಇಲ್ಲ. "ಹೀಗ್ಯಾಕಾಯಿತು" ಅಂತ ದೈವದ ಹತ್ತಿರ ಕೇಳಲು ಮಳೆಗಾಲ ಮುಗಿಯಬೇಕು. ಅಷ್ಟರೊಳಗೆ ಎರಡು ಮನೆಯವರು ಜೋಯಿಸರ ಹತ್ತಿರ ಪ್ರಶ್ನೆ ಇಡಿಸಿ ಬಂದರು. ನಾಗದೋಷ, ದೊಡ್ಡ ಪರಿಹಾರ ಆಗಬೇಕು ಅಂದರಂತೆ. ಒಬ್ಬರು ಚಿನ್ನ ಅಡವಿಡಲು ಹೊರಟಿದ್ದರು. ಇದು ಬೇಡ ಅಂತ ನಾನು ಹೇಳಿದರೆ ಕೇಳುತ್ತಿರಲಿಲ್ಲ. ಭಟ್ರೇ ಹೋಗಿ, "ಒಂದು ರೂಪಾಯಿ ಮುಡಿಪು ಕಟ್ಟಿಡಿ. ಮನೆಯ ಮಾಡು ಸರಿಯಾಗಲಿ, ಆಮೇಲೆ ತಂಬಿಲ ಸೇವೆ ಕೊಟ್ಟರಾಯಿತು. ದೈವ ಕಾಯುತ್ತದೆ" ಅಂದರು. ಒಬ್ಬರು ಕೇಳಿದರು. ಇನ್ನೊಬ್ಬರು ಕೇಳಲಿಲ್ಲ, ಆ ಸಾಲ ಈಗಲೂ ಇದೆ.

ಪರಿಹಾರದ ಅರ್ಜಿಯ ಗೋಳು ಬೇರೆ. ಒಂದು ಕಚೇರಿಯಲ್ಲಿ ಕೊಟ್ಟ ಫಾರಂ ಬರೀ ಮಲಯಾಳದಲ್ಲಿತ್ತು. ನಮ್ಮ ಹಿರಿಯರಿಗೆ ಅದು ಓದಲಿಕ್ಕೆ ಬಾರದು. ಭಜನೆ ಮುಗಿದ ಮೇಲೆ ಕಾಲೇಜು ಮಕ್ಕಳು ಅಲ್ಲೇ ಕೂತು ತುಂಬಿಸಿದರು. ಮಂದಿರದಲ್ಲಿ ಕೂತು ಬರೆದದ್ದಕ್ಕೋ ಏನೋ, ಹಾನಿಯನ್ನು ಹೆಚ್ಚು ಮಾಡಿ ಹೇಳಿದವರು ಕಡಿಮೆ.

ಈಗ ಪ್ರತಿವರ್ಷ ಮೇ ತಿಂಗಳಲ್ಲಿ ಮಂದಿರದ ಕಪಾಟಿನಲ್ಲಿ ಒಂದು ಪಟ್ಟಿ ಅಂಟಿಸುತ್ತೇವೆ. ಕುಚ್ಚಲಕ್ಕಿ, ಟಾರ್ಚು, ರೇಷನ್ ಕಾರ್ಡಿಗೆ ಪ್ಲಾಸ್ಟಿಕ್ ಕವರು, ಯಾರ ಮನೆಗೆ ಯಾರು ಓಡಬೇಕು ಅಂತ. ಮೊದಲ ವರ್ಷ ಪಟ್ಟಿ ಬರೆಯುವಾಗ ದನ ಕಳೆದುಕೊಂಡ ಅಕ್ಕ ಬಾಗಿಲ ಹತ್ತಿರ ನಿಂತಿದ್ದರು. ಭಜನೆಗೆ ಅವರು ಅವತ್ತಿನವರೆಗೂ ಬಂದಿರಲಿಲ್ಲ. "ಹಟ್ಟಿಯ ಹಗ್ಗ ಯಾರು ಬಿಚ್ಚುವುದು, ಅದೂ ಬರೆಯಿರಿ ಮಾಷ್ಟ್ರೇ" ಅಂದರು. ಬರೆದೆ. ಯಾರ ಹೆಸರು ಹಾಕಲಿ ಅಂತ ಕೇಳಿದೆ. "ಎಲ್ಲ ಹಟ್ಟಿಗೂ ನನ್ನದೇ ಹಾಕಿ" ಅಂದರು.