ಟೀಚರ ಮಗನನ್ನು ಬಾಗಿಲಲ್ಲೇ ಒಪ್ಪಿಸಿಬಿಡಿ: ಸಂಡೇ ಸ್ಕೂಲಿನ ನನ್ನ ಅನುಭವ

ಚರ್ಚಿನಲ್ಲಿ ಭಾನುವಾರ ಮಕ್ಕಳಿಗೆ ಬೈಬಲ್ ಕಲಿಸುವ ಸಂಡೇ ಸ್ಕೂಲಿನಲ್ಲಿ ಪಾಠ ಹೇಳುವವಳ ಸ್ವಂತ ಮಗನೇ ತರಗತಿ ಕೆಡಿಸಿದರೆ ಏನು ಮಾಡಬೇಕೆಂಬುದಕ್ಕೆ ನಮ್ಮ ಕ್ರೈಸ್ತ ಸಭೆಯಲ್ಲಿ ಎರಡೇ ಉತ್ತರಗಳಿದ್ದವು: ಒಂದೋ ಎಲ್ಲರೆದುರು ಅವನನ್ನು ಬಿಗಿ ಹಿಡಿಯಬೇಕು, ಇಲ್ಲವೇ ಅವನು ದೊಡ್ಡವನಾಗುವವರೆಗೆ ತಾಯಿ ಪಾಠ ಬಿಡಬೇಕು. ನಾನು ಎರಡನ್ನೂ ಮಾಡಲಿಲ್ಲ. ಭಾನುವಾರ ಅವನು ನನ್ನ ಜೊತೆ ಬರುವುದನ್ನೇ ನಿಲ್ಲಿಸಿ, ತರಗತಿಯ ಬಾಗಿಲಿನಿಂದಾಚೆಗೆ ಅವನ ಪೂರ್ತಿ ಹೊಣೆಯನ್ನು ಸಹಶಿಕ್ಷಕಿಗೆ ಒಪ್ಪಿಸಿದೆ. ಇದರಿಂದೇನೂ ಆಗದು ಎಂದಿದ್ದ ಹಿರಿಯರು ಈಗ ತಮ್ಮ ಮೊಮ್ಮಕ್ಕಳನ್ನು ನಮ್ಮ ತರಗತಿಗೇ ಕಳುಹಿಸುತ್ತಿರುವುದರಿಂದ, ಇದನ್ನು ಬರೆಯಲು ನನಗೀಗ ಸಂಕೋಚವಿಲ್ಲ.

ನಮ್ಮದು ಮುಂಬಯಿಯ ಮಧ್ಯ ರೈಲ್ವೆ ಮಾರ್ಗದ ಉಪನಗರವೊಂದರ ಕನ್ನಡ ಸಭೆ. ಮಂಗಳೂರು ಕಡೆಯವರೂ ಧಾರವಾಡ, ಗದಗ-ಬೆಟಗೇರಿ ಕಡೆಯವರೂ ಕೂಡಿರುವಂಥದ್ದು. ಕಟ್ಟಡ ಮರಾಠಿ ಸಭೆಯವರದು, ಹತ್ತೂವರೆಗೆ ಅವರ ಆರಾಧನೆ ಇರುವುದರಿಂದ ಅಷ್ಟರೊಳಗೆ ಜಾಗ ಬಿಟ್ಟುಕೊಡಬೇಕು. ಹೀಗಾಗಿ ಎಂಟಕ್ಕೆಲ್ಲ ಹೋಗಿ ಚಾಪೆ ಹಾಸಿ, ಕಥೆಯ ಚಿತ್ರಗಳನ್ನು ಅಂಟಿಸುವ ಬಟ್ಟೆಯ ಹಲಗೆ, ಅಂದರೆ ಫ್ಲಾನೆಲ್ ಬೋರ್ಡ್ ನಿಲ್ಲಿಸಿ, ಒಂಬತ್ತಕ್ಕೆ ಪಾಠ ಶುರು ಮಾಡುವುದು ನನ್ನ ವಾಡಿಕೆ. ಮಗನಿಗೆ ಆಗ ಆರು ದಾಟಿತ್ತು, ಅವನೂ ನನ್ನ ಜೊತೆಗೇ ಬರುತ್ತಿದ್ದ.

ಮೊದಲು ಮಾಡಿದ್ದು ಬಿಗಿಯ ಪ್ರಯೋಗ. ಬೇರೆ ಮಕ್ಕಳಿಗೆ ಒಂದು ಮಾತು ಹೇಳುವಲ್ಲಿ ಅವನಿಗೆ ಎರಡು, ಅವರನ್ನು ಕೂರಿಸುವಲ್ಲಿ ಅವನನ್ನು ನಿಲ್ಲಿಸುವುದು. ಪಕ್ಷಪಾತದ ಮಾತೇನೋ ಬರಲಿಲ್ಲ, ಆದರೆ ಉಳಿದ ಮಕ್ಕಳು ಇದನ್ನು ಬೇಗನೆ ಕಂಡುಕೊಂಡು, ಕ್ರೇಯಾನ್ ಮುರಿದರೂ ನೀರು ಚೆಲ್ಲಿದರೂ ಅವನ ಹೆಸರೇ ಹೇಳತೊಡಗಿದರು. ಆಮೇಲೆ ಸ್ಟಿಕ್ಕರ್ ಚಾರ್ಟು ಮತ್ತು ಬಹುಮಾನ. ಕ್ರಾಫರ್ಡ್ ಮಾರ್ಕೆಟ್ಟಿನ ಆಚೆಯ ಗಲ್ಲಿಗಳಲ್ಲಿ ಸಗಟಾಗಿ ತಂದರೂ, ಮೂರು ತಿಂಗಳಲ್ಲಿ ಸುಮಾರು 2,000 ರೂಪಾಯಿ ಕೈಯಿಂದ ಹೋಯಿತು. ಅವನು ಗೆದ್ದರೆ ಟೀಚರ ಮಗನೆಂದು ಪಾಲಕರು ಮುಖ ತಿರುವುವರು, ಸೋತರೆ ಅವನೇ ಚಾರ್ಟು ಕೀಳುವನು. ತರಗತಿಯಲ್ಲಿ ನನ್ನನ್ನು ‘ಟೀಚರ್’ ಎಂದೇ ಕರೆಯಬೇಕೆಂದು ಕಟ್ಟಪ್ಪಣೆ ಮಾಡಿದಾಗಲಂತೂ, ಅವನು ಮನೆಯಲ್ಲಿ ನೆಂಟರೆದುರು ‘ಟೀಚರ್, ಇನ್ನೊಂದು ದೋಸೆ’ ಎನ್ನಲು ಶುರುಮಾಡಿದ.

ರೋಗ ಎಲ್ಲಿದೆಯೆಂದು ತಿಳಿದದ್ದು, ಬೈಬಲಿನಲ್ಲಿ ಹುಡುಗ ದಾವೀದನು ಕವಣೆಕಲ್ಲಿನಿಂದ ಕೆಡವಿದ ದೈತ್ಯ ಗೊಲ್ಯಾತನ ಪಾಠದ ದಿನ. ಗೊಲ್ಯಾತನ ಎತ್ತರ ಆರು ಮೊಳ ಒಂದು ಗೇಣು, ಅಂದರೆ ಹತ್ತಿರಹತ್ತಿರ ಒಂಬತ್ತೂಮುಕ್ಕಾಲು ಅಡಿ. ಅಷ್ಟುದ್ದದ ಕೆಂಪು ರಿಬ್ಬನ್ನನ್ನು ಫ್ಯಾನಿನ ಕೊಕ್ಕೆಯಿಂದ ಇಳಿಬಿಟ್ಟು, ಮೇಜಿನ ಮೇಲೆ ಐದು ನುಣುಪು ಕಲ್ಲುಗಳನ್ನಿಟ್ಟಿದ್ದೆ. ಪಾಠ ಆರಂಭಿಸುವಾಗ ಕಲ್ಲುಗಳು ಮೂರೇ ಉಳಿದಿದ್ದವು. ದಾವೀದನು ಹಳ್ಳಕ್ಕೆ ಇಳಿಯುವ ಮೊದಲೇ ನನ್ನ ಮಗ ಎದ್ದು ನಿಂತು, ‘ಕಲ್ಲು ಹಣೆಗೆ ಬಿತ್ತು, ಅವನು ಸತ್ತ! ಅಮ್ಮಾ, ನಿನ್ನೆ ರಾತ್ರಿ ಹೇಳಿದ್ದೆಯಲ್ಲ!’ ಎಂದು ಕೂಗಿದ. ನಮ್ಮದು ಡೊಂಬಿವಿಲಿಯ ಒಂದು ಕೋಣೆ-ಅಡುಗೆಮನೆಯ ಮನೆ. ಶನಿವಾರ ರಾತ್ರಿ ನಾನು ಪಾಠವನ್ನು ಗಟ್ಟಿಯಾಗಿ ಹೇಳಿಕೊಳ್ಳುವಾಗ ಅವನು ಎರಡು ಅಡಿ ದೂರದಲ್ಲಿ ಮಲಗಿರುತ್ತಾನೆ. ಬೆಳಗ್ಗೆ ಒಂದು ಗಂಟೆ ಖಾಲಿ ಹಾಲಿನಲ್ಲಿ ಬೆಂಚಿನಿಂದ ಬೆಂಚಿಗೆ ಹಾರಿ, ಎಲ್ಲ ಸಾಮಾನು ಮುಟ್ಟಿ ಮುಗಿಸಿರುತ್ತಾನೆ. ಉಳಿದ ಮಕ್ಕಳು ಒಳಗೆ ಬರುವ ಹೊತ್ತಿಗೆ ಅವನ ಪಾಲಿಗೆ ಪಾಠ ಮುಗಿದಿದ್ದು, ಜಾಗವೆಲ್ಲ ಅವನದಾಗಿರುತ್ತಿತ್ತು.

ಆದ್ದರಿಂದ ಮೊದಲು ಬದಲಾದದ್ದು ಬರುವ ವೇಳೆ. ನಾನು ಒಬ್ಬಳೇ ಮುಂಚಿನ ಲೋಕಲ್ ಹಿಡಿಯುವುದು, ಅವನನ್ನು ಅವನ ಅಪ್ಪ ಒಂಬತ್ತಕ್ಕೆ ಸರಿಯಾಗಿ, ಬೇರೆ ಮಕ್ಕಳು ಕೂತ ಮೇಲೆ, ಬಾಗಿಲಿಗೆ ತಂದು ಬಿಡುವುದು. ಭಾನುವಾರ ಗಾಡಿಗಳು ಕಡಿಮೆ, ಮರಳುವಾಗ ಹಳಿ ದುರಸ್ತಿಗೆಂದು ಗಾಡಿ ನಿಲ್ಲಿಸುವ ಮೆಗಾ ಬ್ಲಾಕ್ ಬೇರೆ. ರಾತ್ರಿ ಪಾಳಿ ಮುಗಿಸಿ ಬಂದ ಮನುಷ್ಯನನ್ನು ಇದಕ್ಕೆ ಒಪ್ಪಿಸುವುದು ಮಗನನ್ನು ತಿದ್ದುವುದಕ್ಕಿಂತ ಕಷ್ಟವಾಯಿತು. ಮಗನ ಅರ್ಧ ಟಿಕೆಟ್ಟು, ಸ್ಟೇಷನ್ನಿನಿಂದ ರಿಕ್ಷಾ ಎಲ್ಲ ಸೇರಿ ವಾರಕ್ಕೆ 50-60 ರೂಪಾಯಿ ಹೆಚ್ಚುವರಿ ಖರ್ಚು. ಬಹುಮಾನಗಳಿಗೆ ಸುರಿದದ್ದಕ್ಕೆ ಹೋಲಿಸಿದರೆ ಇದು ಅಗ್ಗವೇ.

ಎರಡನೆಯದು ಒಪ್ಪಿಸುವಿಕೆ. ಸಹಶಿಕ್ಷಕಿ ಧಾರವಾಡದವರು, ನಾನು ಅವರನ್ನು ಅಕ್ಕ ಎನ್ನುತ್ತೇನೆ. ನನ್ನ ಮಗ ಅವರ ಸಾಲಿನಲ್ಲಿ, ಅವರ ಮಗಳು ನನ್ನ ಸಾಲಿನಲ್ಲಿ. ಅವನು ಏನೇ ಮಾಡಲಿ, ತಿದ್ದುವವರು ಅವರೊಬ್ಬರೇ. ನಾನು ಆ ಕಡೆ ಕಣ್ಣು ಹಾಯಿಸುವಂತಿಲ್ಲ. ತರಗತಿಯಲ್ಲಿ ಆದದ್ದನ್ನು ಅವರು ನನಗೆ ಬುಧವಾರದ ಪ್ರಾರ್ಥನಾಕೂಟದವರೆಗೆ ಹೇಳುವಂತಿಲ್ಲ, ನಾನು ಮನೆಯಲ್ಲಿ ಕೆದಕುವಂತಿಲ್ಲ. ಇದರಲ್ಲಿ ಕೊನೆಯ ಷರತ್ತೇ ಎಲ್ಲಕ್ಕಿಂತ ಮುಖ್ಯ. ಮನೆಯಲ್ಲಿ ಎರಡನೇ ವಿಚಾರಣೆ ಕಾದಿದೆಯೆಂದು ಗೊತ್ತಿರುವ ಮಗು ಅಲ್ಲಿ ಏನು ಸಾಕ್ಷ್ಯ ಕೊಡಬೇಕೆಂಬುದನ್ನು ತರಗತಿಯಲ್ಲೇ ಯೋಚಿಸುತ್ತಾ ಕೂರುತ್ತದೆ. ಬಾಗಿಲಲ್ಲಿ ಅಕ್ಕ ಅವನ ಕಿವಿಯಲ್ಲಿ ಒಂದು ಮಾತು ಹೇಳಿ ಒಳಗೆ ಕರೆದುಕೊಳ್ಳುತ್ತಾರೆ. ಅದೇನೆಂದು ಇಲ್ಲಿ ಬರೆಯುವುದಿಲ್ಲ. ಅವನು ಓದಲು ಕಲಿತಿದ್ದಾನೆ.

ಮೊದಲ ಕೆಲವು ಭಾನುವಾರ ಅವನ ಹಾವಳಿ ಹೆಚ್ಚೇ ಆಯಿತು. ಚಪ್ಪಲಿ ಎಸೆದ, ‘ಅಮ್ಮಾ’ ಎಂದು ಒಂದೇ ಸಮನೆ ಕೂಗಿದ. ಆಗಲೇ ಹಿರಿಯರೊಬ್ಬರು ಹಿಂದಿನ ಬಾಸೆಲ್ ಮಿಶನ್ ಪಾದ್ರಿಗಳ ಕಾಲದ ಶಿಸ್ತನ್ನು ನೆನಪಿಸಿ, ಬೈಬಲಿನಲ್ಲಿ ತನ್ನ ಮಕ್ಕಳನ್ನು ಹದ್ದುಬಸ್ತಿನಲ್ಲಿಡದ ಯಾಜಕ ಏಲಿಗೆ ಬಂದ ಗತಿಯನ್ನು ಎತ್ತಿ ಹೇಳಿದರು. ನಾನೂ ಏಲಿಯ ಆ ಕಥೆಯಿರುವ ಸಮುವೇಲನ ಮೊದಲನೆಯ ಪುಸ್ತಕವನ್ನೇ ತೆರೆದು, ಹನ್ನಳು ಹಾಲು ಬಿಡಿಸಿದ ಮಗನನ್ನು ಒಪ್ಪಿಸಿದ್ದು ಅದೇ ಏಲಿಯ ಕೈಗೆ, ಅವನ ಕೈಯಲ್ಲಿ ಬೆಳೆದವನೇ ಸಮುವೇಲ. ಆ ಸಮುವೇಲನ ಸ್ವಂತ ಮಕ್ಕಳು ಬೇರ್ಷೆಬದಲ್ಲಿ ಲಂಚ ತಿಂದರೆಂದು ಎಂಟನೇ ಅಧ್ಯಾಯದಲ್ಲಿದೆ, ಅದನ್ನೂ ಓದಬೇಕು ಎಂದೆ. ಅವರು ಮತ್ತೆ ಮಾತೆತ್ತಲಿಲ್ಲ. ತಿಂಗಳೊಪ್ಪತ್ತಿನಲ್ಲಿ ಮಗನೂ ತಣ್ಣಗಾದ. ಕೂಗಿದರೆ ತಿರುಗಿ ನೋಡುವವರೇ ಇಲ್ಲವೆಂದ ಮೇಲೆ ಕೂಗುವುದರಲ್ಲಿ ಅವನಿಗೆ ರುಚಿಯುಳಿಯಲಿಲ್ಲ.

ಶನಿವಾರದ ಅಭ್ಯಾಸವನ್ನು ಲೋಕಲಿನ ಲೇಡೀಸ್ ಡಬ್ಬಿಗೆ ಸಾಗಿಸಿದೆ. ಮೆಲ್ಲನೆ ತುಟಿಯಾಡಿಸುತ್ತಾ, ದೊಡ್ಡ ಮೀನು ನುಂಗಿದ ಪ್ರವಾದಿ ಯೋನನ ಕಥೆಯನ್ನು ಕೈಸನ್ನೆಯೊಂದಿಗೆ ಹೇಳಿಕೊಳ್ಳುತ್ತಿದ್ದಾಗ ಎದುರಿಗಿದ್ದ ಮರಾಠಿ ಹೆಂಗಸು ಕುತೂಹಲದಿಂದ ವಿಚಾರಿಸಿದರು. ಮೀನಿನ ಹೊಟ್ಟೆಯವರೆಗೆ ಮರಾಠಿಯಲ್ಲಿ ಹೇಳುವಷ್ಟರಲ್ಲಿ ನನ್ನ ಸ್ಟೇಷನ್ ಬಂತು, ಅವರು ‘ಪುಢೇ ಕಾಯ್ ಝಾಲಂ?’ (ಮುಂದೇನಾಯಿತು?) ಎಂದು ಕೇಳುತ್ತಲೇ ಇದ್ದರು. ಪಾಠ ಚೆನ್ನಾಗಿದೆಯೆಂಬುದಕ್ಕೆ ನನಗೆ ಅದಕ್ಕಿಂತ ದೊಡ್ಡ ಸರ್ಟಿಫಿಕೇಟ್ ಬೇಕಿರಲಿಲ್ಲ.

ಇನ್ನೊಂದು ಪ್ರಯೋಗವೂ ಇದರ ನಡುವೆಯೇ ನಡೆಯಿತು. ನಮ್ಮ ಮಕ್ಕಳಿಗೆ ಕನ್ನಡ ಮಾತು ಬರುತ್ತದೆ, ಅಕ್ಷರ ಬಾರದು; ಶಾಲೆಯ ಮರಾಠಿಯಿಂದಾಗಿ ದೇವನಾಗರಿ ಬರುತ್ತದೆ. ಕಂಠಪಾಠದ ವಚನಗಳನ್ನು ದೇವನಾಗರಿಯಲ್ಲಿ ಬರೆದುಕೊಟ್ಟೆ. ಮರಾಠಿ ಬರವಣಿಗೆಯಲ್ಲಿ ಹ್ರಸ್ವ ಎ, ಒ ಇಲ್ಲವಾದ್ದರಿಂದ ‘ಕೊಡು’ ಎಂಬುದನ್ನು ಎಲ್ಲರೂ ‘ಕೋಡು’ ಎಂದು ಓದಿದರು. ಹ್ರಸ್ವದ ಕೆಳಗೆ ಕೆಂಪು ಚುಕ್ಕೆ ಇಟ್ಟ ಮೇಲೆ ಸರಿಹೋಯಿತು. ಎಲ್ಲರಿಗಿಂತ ಮೊದಲು ಓದಿ ಮುಗಿಸಿ ಮೆರೆಯಲು ಹೊರಟ ನನ್ನ ಮಗನಿಗೆ ಅಕ್ಕ ಆ ಚುಕ್ಕೆ ಇಡುವ ಕೆಲಸವನ್ನೇ ವಹಿಸಿದರು; ಹದಿನೈದಿಪ್ಪತ್ತು ಚೀಟಿಗಳಿಗೆ ಚುಕ್ಕೆ ಇಡುವಷ್ಟರಲ್ಲಿ ಅವನ ಚೇಷ್ಟೆಯ ಹೊತ್ತು ಕಳೆದಿರುತ್ತದೆ. ಸಂಡೇ ಸ್ಕೂಲಿನಲ್ಲಿ ಅಕ್ಷರದ ಕೆಲಸ ಯಾಕೆ ಎಂದವರಿಗೆ, 1780ರಲ್ಲಿ ಗ್ಲಾಸ್ಟರಿನಲ್ಲಿ ರಾಬರ್ಟ್ ರೇಕ್ಸ್ ಅದನ್ನು ತೆರೆದದ್ದೇ ದುಡಿಯುವ ಬಡಮಕ್ಕಳಿಗೆ ಓದು ಕಲಿಸಲೆಂದು ತಿಳಿಸಿದೆ. ಆತ ಟೀಚರುಗಳಿಗೆ ಭಾನುವಾರಕ್ಕೊಂದು ಶಿಲಿಂಗ್ ಕೊಡುತ್ತಿದ್ದನೆಂಬುದನ್ನೂ ಸೇರಿಸಿದೆ, ಆದರೆ ಖಜಾಂಚಿಯವರ ಕಿವಿಗೆ ಅದು ಬೀಳಲಿಲ್ಲ.

ಒಬ್ಬರೇ ಟೀಚರಿರುವ ಸಭೆಯವರು ಸಭೆಯ ಪೂರ್ಣ ಸದಸ್ಯರಾಗಲು ತಯಾರಾಗುವ ದೃಢೀಕರಣ ತರಗತಿಯ ಹುಡುಗರಲ್ಲೊಬ್ಬನಿಗೆ ಮಗುವನ್ನು ಒಪ್ಪಿಸಬಹುದು. ಮೇ ತಿಂಗಳಲ್ಲಿ ಅಕ್ಕ ಊರಿಗೆ ಹೋಗಿದ್ದಾಗ ನಾನೂ ಹಾಗೆಯೇ ಮಾಡಿದೆ. ಹದಿನೈದರ ಆ ಹುಡುಗನ ಮಾತನ್ನು ನನ್ನ ಮಗ ಅಕ್ಕನ ಮಾತಿಗಿಂತಲೂ ಚೆನ್ನಾಗಿ ಕೇಳಿದ. ಇಬ್ಬರೂ ಸೇರಿ ಬಿಸ್ಕತ್ತಿನ ಡಬ್ಬಿ ಖಾಲಿ ಮಾಡಿದ್ದರಿಂದ ಆ ತಿಂಗಳ ಖರ್ಚು 200 ರೂಪಾಯಿಯಷ್ಟು ಏರಿತು. ಅದನ್ನು ವಿಬಿಎಸ್ (ರಜೆಯ ಬೈಬಲ್ ಶಾಲೆ) ಲೆಕ್ಕದಲ್ಲಿ ಬರೆದಿದ್ದೇನೆ.