ಡ್ರಮ್ಮಿನ ನಾತ ಕೊನೆಗೂ ಹೋಯ್ತು: ಸೆಂಟ್ ಹಾಕಿ ಅಲ್ಲ, ಉಪ್ಪು ಮಾಡಿ

ಲಿಕ್ವಿಡ್ ಸೋಪ್ ತುಂಬೋಕೆ ಅಂತ ಸೆಕೆಂಡ್ ಹ್ಯಾಂಡ್ ಪ್ಲಾಸ್ಟಿಕ್ ಡ್ರಮ್ 40 ತಗೊಂಡೆ, ಹೊಸದರ ಮೂರನೇ ಒಂದು ಪಾಲಿಗೆ ಸಿಕ್ತು ಅಂತ ಬೀಗ್ತಾ ಇದ್ದೆ, ಮುಚ್ಚಳ ತೆಗೆದ ಮೇಲೆ ಗೊತ್ತಾಯ್ತು ಯಾಕಷ್ಟು ಅಗ್ಗ ಅಂತ. 17 ಡ್ರಮ್ಮಲ್ಲಿ ಕೊಳೆತ ಮೀನಿನ ನಾತ, 14ರಲ್ಲಿ ವಾಂತಿ ನಾತ, ಉಳಿದ 9ರಲ್ಲಿ ಕಿತ್ತಳೆ ಎಣ್ಣೆ ಘಮ. ಕಿತ್ತಳೆ ಪರವಾಗಿಲ್ಲ ಅಂದ್ಕೊಂಡಿದ್ದೆ, ಕೊನೆಗೆ ಅದೇ ನನ್ನ ಜೀವ ತಿಂದಿದ್ದು, ಅದನ್ನ ಆಮೇಲೆ ಹೇಳ್ತೀನಿ.

ಮೊದಲ ತಿಂಗಳು ಎಲ್ಲಾ ವೇಸ್ಟ್. ಡಿಟರ್ಜೆಂಟ್, ಬಿಸಿಲು, ಮತ್ತೆ ಡಿಟರ್ಜೆಂಟ್. ಪಾರ್ಟ್ನರ್ ಮಾತು ಕೇಳಿ ಸೆಂಟ್ ಹಾಕಿದೆ, ಮೀನಿಗೆ ಮಲ್ಲಿಗೆ ಮುಡಿಸಿದ ಹಾಗಾಯ್ತು. ಸೆಂಟಿಗೆ ಹೋದ ದುಡ್ಡಲ್ಲಿ ಇನ್ನೂ ಐದಾರು ಹಳೇ ಡ್ರಮ್ ಬರ್ತಿತ್ತು. ಮೀನು ಡ್ರಮ್ಮಿಗೆ ಬ್ಲೀಚ್ ಸುರಿದಿದ್ದು ಇನ್ನೂ ದೊಡ್ಡ ದಡ್ಡತನ, ಮೀನಿನ ನಾತಕ್ಕೆ ಕಾರಣವಾದ ಅಮೈನ್ ಅನ್ನೋ ಕ್ಷಾರಾನೂ ಬ್ಲೀಚೂ ಸೇರಿ ಕ್ಲೋರಮೈನ್ ಅನ್ನೋ ವಿಷದ ಗಾಳಿ ಆಗಿ ಕಣ್ಣು ಗಂಟಲು ಎರಡೂ ಉರಿದು ಹೊರಗೆ ಓಡಿದೆ. ನೀವು ಮಾಡ್ಬೇಡಿ.

ದಾರಿ ಸಿಕ್ಕಿದ್ದು ಅಚಾನಕ್ಕಾಗಿ. ಒಂದು ಮೀನು ಡ್ರಮ್ಮಿನ ತಳದಲ್ಲಿ ಬಿಳಿ ಪದರ ಕಟ್ಟಿತ್ತು, ತೆಗೆಯೋಣ ಅಂತ ಸಿಟ್ರಿಕ್ ಆಸಿಡ್ ಹಾಕಿದೆ. ಪದರದ ಕಥೆ ಬಿಡಿ, ನಾತ ನಿಂತೇ ಹೋಯ್ತು! ಖುಷೀಲಿ ಮಾರನೇ ದಿನ ತೊಳೀದೇನೇ ಅದರ ಮೇಲೆ ವಾಷಿಂಗ್ ಸೋಡಾ ನೀರು ಹಾಕಿದೆ ನೋಡಿ, ನೊರೆ ಎದ್ದು ಗಪ್ ಅಂತ ಮೀನು ಮುಖಕ್ಕೇ ಬಂತು. ಅಂದ್ರೆ ಅದು ಎಲ್ಲೂ ಹೋಗಿರಲಿಲ್ಲ, ಅಲ್ಲೇ ಉಪ್ಪಾಗಿ ಕೂತಿತ್ತು. ಆಸಿಡ್ ಕೊಡೋ ಪ್ರೋಟಾನ್ ಅನ್ನೋ ಹೈಡ್ರೋಜನ್ ಕಣಾನ ಅಮೈನು ಹಿಡಿದು ಅಯಾನ್, ಅಂದ್ರೆ ಚಾರ್ಜ್ ಇರೋ ಕಣ ಆಗುತ್ತೆ, ಅಯಾನ್ ನೀರು ಬಿಟ್ಟು ಹಾರಲ್ಲ, ಹಾರದೇ ಇದ್ದಿದ್ದು ಮೂಗಿಗೆ ಬರಲ್ಲ. ಅಡುಗೆ ಉಪ್ಪಿಗೆ ವಾಸನೆ ಇಲ್ಲದಿರೋದೂ ಇದಕ್ಕೇ.

ವಾಂತಿ ಡ್ರಮ್ಮು ಇದರ ಉಲ್ಟಾ. ಅದು ಬ್ಯುಟಿರಿಕ್ ಆಸಿಡ್, ಕೆಟ್ಟ ಬೆಣ್ಣೇಲಿ ಇರುತ್ತಲ್ಲ ಅದೇ. ಕುದಿಯೋದು 160 ಡಿಗ್ರಿ ದಾಟಿದ ಮೇಲೆ, ಆದ್ರೂ ಒಂದು ಹನಿ ರೂಮಲ್ಲಿದ್ರೆ ಕೂರೋಕಾಗಲ್ಲ, ಅಷ್ಟು ಕಮ್ಮಿ ಸಾಕು ಮೂಗಿಗೆ. ಇದಕ್ಕೆ ವಾಷಿಂಗ್ ಸೋಡಾ, ಅದು ಕ್ಷಾರ, ಈ ಆಸಿಡ್ಡನ್ನ ಉಪ್ಪು ಮಾಡುತ್ತೆ. ಲೀಟರಿಗೆ 50 ಗ್ರಾಂ ಹತ್ರ ಹಾಕಿದ್ದೆ, ಸಿಟ್ರಿಕ್ ಆದ್ರೆ 20 ಗ್ರಾಂ, ತೂಕ ಮಾಡಿ ಬರೆದಿಟ್ಟಿಲ್ಲ. ಐದು ಲೀಟರ್ ಹಾಕಿ ಉರುಳಿಸೋದು, ರಾತ್ರಿ ತಲೆಕೆಳಗಾಗಿ ಇಡೋದು. ಆಮೇಲೆ ಆ ಉಪ್ಪಿನ ನೀರನ್ನ ಪೂರ್ತಿ ಚೆಲ್ಲಿ ಮೂರು ಸಲ ತೊಳೆಯೋದು, ಇದನ್ನ ಬಿಟ್ರೆ ನನ್ನ ಮೀನಿನ ಕಥೆನೇ.

ಆದ್ರೂ ನಾಲ್ಕೈದು ಡ್ರಮ್ಮಲ್ಲಿ ವಾಸನೆ ವಾಪಸ್ ಬರ್ತಾನೇ ಇತ್ತು. ಎರಡು ವಾರ ತಲೆ ಕೆಡಿಸ್ಕೊಂಡೆ, ಕೊನೆಗೆ ನೋಡಿದ್ರೆ ಮುಚ್ಚಳದೊಳಗಿನ ರಬ್ಬರ್ ವಾಷರ್! ಕಿತ್ತು ಬಿಸಾಕಿ ಹೊಸದು ಹಾಕಿದೆ, ಮುಗೀತು. ಕೊನೇ ತೊಳೆತದ ನೀರಿಗೆ ಇನ್ನೊಂದು ಪದಾರ್ಥ ಚಿಟಿಕೆ ಹಾಕ್ತೀನಿ, ಅದು ಮಾತ್ರ ಹೇಳಲ್ಲ, ಹೊಟ್ಟೆಪಾಡು.

"ಹಾರಿದ್ದಕ್ಕೆಲ್ಲಾ ವಾಸನೆ ಇರಬೇಕಲ್ಲ ಹಂಗಾದ್ರೆ" ಅಂತ ಪಾರ್ಟ್ನರ್ ಕೊಂಕು ತೆಗೆದ. ಇಲ್ಲ ಮಾರಾಯ, ಗಾಳೀಲಿರೋ ನೈಟ್ರೋಜನ್, ಆಕ್ಸಿಜನ್ ದಿನವಿಡೀ ಮೂಗೊಳಗೇ ಓಡಾಡುತ್ತೆ, ಹಿಡಿಯೋ ರಿಸೆಪ್ಟರ್ ಇಲ್ಲ ಅಷ್ಟೇ. ನಮಗಿರೋದು 400ರ ಆಸುಪಾಸು ಥರದ್ದು. ಅಡುಗೆ ಗ್ಯಾಸಿಗೂ ಸ್ವಂತ ವಾಸನೆ ಇಲ್ಲದಷ್ಟೇ ಕಮ್ಮಿ, ಲೀಕ್ ಗೊತ್ತಾಗಲಿ ಅಂತ ಮರ್ಕ್ಯಾಪ್ಟನ್ ಅನ್ನೋ ನಾತದ ಪದಾರ್ಥ ಸೇರಿಸ್ತಾರೆ. ಅಂದಹಾಗೆ ಮರ್ಕ್ಯಾಪ್ಟನ್ ಥರದ ಗಂಧಕದ ನಾತಕ್ಕೆ ವಾಷಿಂಗ್ ಸೋಡಾ ಸಾಲಲ್ಲ, ನನ್ನನ್ನ ಬೈಬೇಡಿ.

ಇದರ ಮಧ್ಯೆ ಇನ್ನೊಂದು ಹುಚ್ಚು ಹತ್ತಿತ್ತು, ಕಬ್ಬಿಣದ ವಾಸನೆ. ಹಳೇ ಸ್ಪ್ಯಾನರ್‌ನ ಸ್ಪಿರಿಟ್ಟಲ್ಲಿ ಒರೆಸಿ ಚಿಮ್ಮಟದಲ್ಲಿ ಹಿಡಿದು ಮೂಸಿದೆ, ಏನೂ ಇಲ್ಲ. ಬೆವರಿದ ಕೈಯಲ್ಲಿ ಒಂದ್ನಿಮಿಷ ಉಜ್ಜಿದೆ, ಬಂತು. ಅದು ಕಬ್ಬಿಣದ್ದಲ್ಲ, ನಮ್ಮ ಚರ್ಮದ ಜಿಡ್ಡು ಕಬ್ಬಿಣದ ಜೊತೆ ಸೇರಿ ಒಡೆದು ಬರೋ ವಾಸನೆ. ಒಂದು ಸಂಜೆ ಪೂರ್ತಿ ಇದಕ್ಕೇ ಹೋಯ್ತು, ಡ್ರಮ್ ಒಂದೂ ತೊಳೀಲಿಲ್ಲ.

ಚೆಕ್ ಮಾಡೋಕೆ ನನ್ನ ಮೂಗನ್ನ ನಂಬಲಿಲ್ಲ, ಹತ್ತು ನಿಮಿಷಕ್ಕೆ ಅದು ಮರಗಟ್ಟುತ್ತೆ. ಡ್ರಮ್ಮಿಗೆ ನಂಬರ್ ಹಾಕಿ, ಒಂದೆರಡು ಹೊಸದನ್ನೂ ನಡುವೆ ಇಟ್ಟು, ಪಾರ್ಟ್ನರ್ ಕೈಲೇ ಮೂಸಿಸಿದೆ. ಹೊಸ ಡ್ರಮ್ಮನ್ನೇ "ಇದು ಮೀನು" ಅಂದ! ಅವತ್ತಿಂದ ಬಾಯಿ ಮುಚ್ಚಿದಾನೆ. ಮೀನು, ವಾಂತಿ ಎರಡೂ ಸೇರಿ 31ರಲ್ಲಿ 29 ಪಾಸ್. ಸೋಪಿಗೆ ಮಾತ್ರ ಬಳಸ್ತೀನಿ, ಬಾಯಿಗೆ ಹೋಗೋ ಪದಾರ್ಥಕ್ಕೆ ಅಲ್ಲ.

ಇನ್ನು ಕಿತ್ತಳೆ. ಅದರಲ್ಲಿರೋ ಲಿಮೋನೀನ್ ಆಸಿಡ್ಡೂ ಅಲ್ಲ ಕ್ಷಾರಾನೂ ಅಲ್ಲ, ಉಪ್ಪಾಗೋ ಮಾತೇ ಇಲ್ಲ, ಜೊತೆಗೆ ಪ್ಲಾಸ್ಟಿಕ್ ಗೋಡೆಯೊಳಗೇ ಇಳಿದಿರುತ್ತೆ. ಇವತ್ತು ತೊಳೆದ್ರೆ ಎರಡು ದಿನಕ್ಕೆ ಮತ್ತೆ ಒಳಗಿಂದ ಬರುತ್ತೆ. ಬಿಸಿ ಸೋಪು ನೀರು ತುಂಬಿಡೋದು, ಚೆಲ್ಲೋದು, ಒಣಗಿಸಿ ಇದ್ದಿಲ ಪುಡಿ ಗಂಟು ಒಳಗಿಟ್ಟು ಬಿಸಿಲಿಗೆ ಹಾಕೋದು, ಹೀಗೆ ಏಳೆಂಟು ಸಲ ಮಾಡಿ 4 ಗೆದ್ದೆ. ಉಳಿದ 5 ಅಂಗಳದಲ್ಲೇ ಬಾಯಿ ತೆರ್ಕೊಂಡು ಬಿದ್ದಿವೆ, ಕಿತ್ತಳೆ ಘಮದ ಸೋಪೇ ತುಂಬಿಬಿಡೋಣ ಅಂತಿದಾನೆ ಪಾರ್ಟ್ನರ್.