ನನಗ್ಯಾಕೆ ಐದು ಸಲ, ಅವಳಿಗ್ಯಾಕೆ ಒಂದೇ ಸಲ?

ಮೈಸೂರಿನ ಒಂದು ಖಾಸಗಿ ಆಸ್ಪತ್ರೆಯಲ್ಲಿ ನಾನು ಡಯಟಿಷಿಯನ್. ಹನ್ನೊಂದು ವರ್ಷದಿಂದ ಇದೇ ಕೆಲಸ. ಎರಡು ವರ್ಷದ ಹಿಂದೆ ಒಬ್ಬ ಹೆಂಗಸು ಬಂದು ಕೂತವರೇ ಒಂದು ಪ್ರಶ್ನೆ ಕೇಳಿದರು. ಅವರಿಗೂ ಅವರ ವಾರಗಿತ್ತಿಗೂ ಒಂದೇ ತಿಂಗಳಲ್ಲಿ ಸಕ್ಕರೆ ಕಾಯಿಲೆ ಗೊತ್ತಾಗಿತ್ತು. ಒಂದೇ ಮನೆ, ಒಂದೇ ಅಡುಗೆ, ಶುಗರ್ ಕೂಡ ಹೆಚ್ಚುಕಡಿಮೆ ಒಂದೇ. ಇವರ ಚೀಟಿ ನನಗೆ ಬಂತು, ವಾರಗಿತ್ತಿಯದು ಪಕ್ಕದ ರೂಮಿನ ನನ್ನ ಸಹೋದ್ಯೋಗಿಗೆ ಹೋಯಿತು.

"ಅವಳಿಗೆ ಒಂದೇ ಸಲಕ್ಕೆ ಮುಗೀತು ಮೇಡಂ. ನನ್ನನ್ನ ಯಾಕೆ ಐದು ಸಲ ಕರೀತಿದ್ದೀರಾ? ನನ್ನದು ಅಷ್ಟು ಜಾಸ್ತಿ ಆಗಿದೆಯಾ?"

ಎಷ್ಟು ಸಲ ಕರೆದೆ ಅನ್ನೋದನ್ನೇ ಅವರು ಕಾಯಿಲೆಯ ಅಳತೆ ಅಂದುಕೊಂಡಿದ್ದರು. ಆ ಯೋಚನೆಯಲ್ಲಿ ಸರಿಯಾಗಿ ನಿದ್ದೆ ಕೂಡ ಮಾಡಿರಲಿಲ್ಲವಂತೆ. ನನಗೆ ತುಂಬಾ ನೋವಾಯಿತು. ಯಾಕೆ ಐದು ಸಲ ಅಂತ ಹೇಳೋಕೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ಅವತ್ತು ಸಂಜೆ ಓಪಿಡಿ ಮುಗಿದ ಮೇಲೆ ನಮ್ಮ ರಿಜಿಸ್ಟರ್ ತೆಗೆದು ಕೂತೆ. ನಾವು ಮೂರು ಜನ ಡಯಟಿಷಿಯನ್‌ಗಳು. ಯಾರು ಯಾರನ್ನ ಎಷ್ಟು ಸಲ ನೋಡಿದ್ದೇವೆ ಅಂತ ಸುಮ್ನೆ ಎಣಿಸಿದರೆ ಆಯ್ತು ಅಂದುಕೊಂಡಿದ್ದೆ. ಅಷ್ಟು ಸುಲಭ ಆಗಿರಲಿಲ್ಲ. ನಮ್ಮಲ್ಲಿ ಒಬ್ಬರಿಗೆ ಕಿಡ್ನಿ ಡಾಕ್ಟರ್ ಕಳಿಸುವವರೇ ಹೆಚ್ಚು. ಡಯಾಲಿಸಿಸ್ ಮಾಡಿಸಿಕೊಳ್ಳುವವರ ರಕ್ತದಲ್ಲಿ ಪೊಟ್ಯಾಸಿಯಂ, ಫಾಸ್ಫರಸ್ ಎಷ್ಟಿದೆ ಅಂತ ನೋಡುತ್ತಲೇ ಇರಬೇಕು, ಅವರನ್ನ ತಿಂಗಳಿಗೊಮ್ಮೆ ನೋಡಿದರೂ ಅದು ಹೆಚ್ಚಲ್ಲ. ಅವರನ್ನೂ ಲೆಕ್ಕಕ್ಕೆ ಹಿಡಿದು ಆಕೆ ಜಾಸ್ತಿ ಕರೆಸುತ್ತಾಳೆ ಅಂದರೆ ಅನ್ಯಾಯ ಅಲ್ವಾ? ವಾರ್ಡಿನಲ್ಲಿ ಅಡ್ಮಿಟ್ ಆದವರನ್ನೂ ಬಿಟ್ಟೆ, ಅಲ್ಲಿ ನಮ್ಮ ಕೈಯಲ್ಲಿ ಏನೂ ಇರುವುದಿಲ್ಲ. ಕೊನೆಗೆ ಒಂದೇ ಥರದವರನ್ನ ಆರಿಸಿಕೊಂಡೆ: ಹೊಸದಾಗಿ ಸಕ್ಕರೆ ಕಾಯಿಲೆ ಬಂದವರು, ಇನ್ಸುಲಿನ್ ಇಲ್ಲ, ಕಿಡ್ನಿ ತೊಂದರೆ ಇಲ್ಲ. ಇನ್ನೊಂದು ಕೆಲಸ ಮಾಡಿದ್ದು ಒಳ್ಳೆಯದಾಯಿತು. ನಾವು ಕರೆದದ್ದು ಎಷ್ಟು ಸಲ, ಅವರು ಬಂದದ್ದು ಎಷ್ಟು ಸಲ ಅಂತ ಬೇರೆಬೇರೆ ಬರೆದೆ. ಎರಡನ್ನೂ ಒಂದೇ ಅಂತ ಹಿಡಿದರೆ ಪೇಷಂಟ್ ಬರದೇ ಹೋದದ್ದೆಲ್ಲ ಡಯಟಿಷಿಯನ್ ತಪ್ಪಾಗಿಬಿಡುತ್ತದೆ.

ಅಷ್ಟೆಲ್ಲ ಬೇರೆ ಮಾಡಿದ ಮೇಲೂ ವ್ಯತ್ಯಾಸ ಹಾಗೇ ಉಳಿಯಿತು. ಒಬ್ಬರು ಒಂದು ಸಲ ನೋಡಿ ಕಳಿಸುತ್ತಾರೆ, ತೀರಾ ಅಂದರೆ ಎರಡು ಸಲ. ಇನ್ನೊಬ್ಬರು ವಾರಕ್ಕೊಂದು ಸಲದಂತೆ ಒಂದೆರಡು ತಿಂಗಳು ಕರೆಸುತ್ತಾರೆ. ನಾನು ಹದಿನೈದು ದಿನಕ್ಕೊಮ್ಮೆ, ಐದು ಸಲ.

ಮಾರನೇ ದಿನ ಊಟಕ್ಕೆ ಕೂತಾಗ ಇಬ್ಬರ ಮುಂದೆಯೂ ಕಾಗದ ಇಟ್ಟೆ. ಯಾರೂ ಬೇಜಾರು ಮಾಡಿಕೊಳ್ಳಲಿಲ್ಲ, ಅದಕ್ಕೆ ಇವತ್ತಿಗೂ ಅವರಿಗೆ ಋಣಿ. ಒಂದೇ ಸಲ ನೋಡುವವರು ಮೊದಲು ದೊಡ್ಡ ಸರ್ಕಾರಿ ಆಸ್ಪತ್ರೆಯಲ್ಲಿ ಇದ್ದವರು. ಬಾಗಿಲ ಹೊರಗೆ ಸಾಲು ನಿಂತಿರುವಾಗ ಇದ್ದ ಹತ್ತು ನಿಮಿಷದಲ್ಲಿ ಎಲ್ಲ ಹೇಳಿ, ಡಯಟ್ ಚಾರ್ಟ್ ಕೊಟ್ಟು ಕಳಿಸುವುದನ್ನ ಅಲ್ಲಿ ಕಲಿತರು. ವಾರಕ್ಕೊಮ್ಮೆ ಕರೆಸುವವರು ತೂಕ ಇಳಿಸುವ ಕ್ಲಿನಿಕ್‌ನಿಂದ ಬಂದವರು. ಅಲ್ಲಿ ಮೂರು ತಿಂಗಳ ಪ್ಯಾಕೇಜ್, ವಾರಕ್ಕೊಂದು ಭೇಟಿ. ಇನ್ನು ನನ್ನ ಹದಿನೈದು ದಿನದ ಕಥೆ ಕೇಳಿ. ನಾನು ಇಂಟರ್ನ್ ಆಗಿದ್ದ ಆಸ್ಪತ್ರೆಯಲ್ಲಿ ಒಮ್ಮೆ ಫೀಸ್ ಕಟ್ಟಿದರೆ ಹದಿನೈದು ದಿನದೊಳಗಿನ ಮರುಭೇಟಿ ಫ್ರೀ ಇತ್ತು. ಹಾಗಾಗಿ ನಮ್ಮ ಸೀನಿಯರ್ ಎಲ್ಲರಿಗೂ ಹದಿನೈದು ದಿನ ಬಿಟ್ಟು ಬನ್ನಿ ಅನ್ನುತ್ತಿದ್ದರು. ಅವರ ಲೆಕ್ಕ ಪೇಷಂಟ್ ದುಡ್ಡು ಉಳಿಸುವ ಲೆಕ್ಕ. ನಾನು ಆ ಕಾರಣ ಬಿಟ್ಟು ಬರೀ ಹದಿನೈದು ದಿನವನ್ನ ಇಟ್ಟುಕೊಂಡಿದ್ದೆ, ಅದೂ ಎಲ್ಲರಿಗೂ, ಇಷ್ಟು ವರ್ಷ.

ನಮ್ಮ ಮೂವರಲ್ಲಿ ಯಾರ ಲೆಕ್ಕವೂ ಎದುರಿಗೆ ಕೂತವರನ್ನ ನೋಡಿ ಹುಟ್ಟಿದ್ದಲ್ಲ. ನನ್ನನ್ನ ಕಾಡಿದ್ದು ಇದೇ.

ಹಾಗಾದರೆ ಎಷ್ಟು ಸಲ ಸರಿ? ಓದಿಕೊಂಡಿದ್ದನ್ನ ಮತ್ತೆ ತೆಗೆದು ನೋಡಿದೆ. ಅಮೆರಿಕದ ಡಯಟಿಷಿಯನ್‌ಗಳ ಸಂಘ ಸಕ್ಕರೆ ಕಾಯಿಲೆಯವರಿಗೆ ಮೊದಲ ಆರು ತಿಂಗಳಲ್ಲಿ 3ರಿಂದ 6 ಭೇಟಿ, ಆಮೇಲೆ ವರ್ಷಕ್ಕೊಮ್ಮೆಯಾದರೂ ಇರಲಿ ಅನ್ನುತ್ತದೆ. ನಮ್ಮ ಪಕ್ಕದ ಚೆನ್ನೈನಲ್ಲಿ ಡಾ. ಎ. ರಾಮಚಂದ್ರನ್ ಮತ್ತು ಅವರ ತಂಡ ಮಾಡಿದ ಅಧ್ಯಯನ 2006ರಲ್ಲಿ ಹೊರಬಂತು, ಅದು ನನಗೆ ಇನ್ನೂ ಹತ್ತಿರ ಅನ್ನಿಸಿತು. ಸಕ್ಕರೆ ಕಾಯಿಲೆಯ ಅಂಚಿನಲ್ಲಿದ್ದ 531 ಜನ. ಊಟ, ನಡಿಗೆ ಬದಲಾಯಿಸಿಕೊಂಡ ಗುಂಪಿನಲ್ಲಿ ಕಾಯಿಲೆ ಬರುವ ಅಪಾಯ ಶೇ. 28.5ರಷ್ಟು ಕಡಿಮೆಯಾಯಿತು. ಆ ಗುಂಪಿನವರನ್ನ ಎದುರು ಕೂರಿಸಿಕೊಂಡು ಮಾತಾಡಿದ್ದು ಆರು ತಿಂಗಳಿಗೊಮ್ಮೆ, ನಡುವೆ ತಿಂಗಳು ತಿಂಗಳು ಫೋನ್. ಅಂದರೆ ಮಾತು ನಿಲ್ಲಬಾರದು, ಆದರೆ ಪ್ರತಿ ಸಲ ಬಸ್ ಹತ್ತಿಸಲೇಬೇಕು ಅಂತೇನಿಲ್ಲ.

ಗರ್ಭಿಣಿಯರ ಶುಗರ್ ವಿಷಯದಲ್ಲಿ ನಮ್ಮ ಕೇಂದ್ರ ಸರ್ಕಾರದ ಮಾರ್ಗಸೂಚಿಯೇ ಸ್ಪಷ್ಟವಾಗಿದೆ. ಎರಡು ವಾರ ಊಟ ಬದಲಾಯಿಸಿ ನೋಡಿ, ಊಟವಾದ ಎರಡು ಗಂಟೆಗೆ ಶುಗರ್ 120 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಔಷಧಿ ಶುರು ಮಾಡಿ. ಆ ಎರಡು ವಾರ ಯಾವ ಡಯಟಿಷಿಯನ್ ಇಷ್ಟವೂ ಅಲ್ಲ, ಅಲ್ಲಿ ನಾವು ಮೂವರೂ ಒಂದೇ ಥರ ನಡೆದುಕೊಳ್ಳುತ್ತಿದ್ದೆವು.

ಈಗ ನಾನು ಮಾಡುವುದು ಹೀಗೆ. ಮೊದಲ ದಿನವೇ ಎಷ್ಟು ಸಲ ಬರಬೇಕು, ಪ್ರತಿ ಸಲ ಯಾವುದಕ್ಕೆ, ಕೊನೆಯದು ಯಾವಾಗ ಅಂತ ಅವರ ಕಾರ್ಡಿನ ಮೇಲೆ ಕನ್ನಡದಲ್ಲಿ ಬರೆದುಕೊಡುತ್ತೇನೆ. ಯಾವುದಕ್ಕೆ ಅಂತ ಬರೆಯೋಕೆ ಆಗದಿದ್ದರೆ ಆ ಭೇಟಿ ಬೇಡ. ಕೊನೆಯದನ್ನ ಸಾಮಾನ್ಯವಾಗಿ ಮೂರು ತಿಂಗಳಿಗೆ ಇಡುತ್ತೇನೆ, ಮೂರು ತಿಂಗಳ ಶುಗರ್ ಅಂತಾರಲ್ಲ, ಆ ಎಚ್‌ಬಿಎ1ಸಿ ಬದಲಾವಣೆ ತೋರಿಸೋಕೆ ಅಷ್ಟು ಸಮಯ ಬೇಕೇಬೇಕು.

ಎರಡನೇ ಭೇಟಿಯನ್ನ ಮಾತ್ರ ನಾನು ಬಿಟ್ಟುಕೊಡುವುದಿಲ್ಲ. ಇದನ್ನ ಸ್ವಲ್ಪ ವಿವರವಾಗಿ ಹೇಳಬೇಕು. ಮೊದಲ ದಿನ ಯಾರೂ ತಿನ್ನುವುದನ್ನ ಇದ್ದ ಹಾಗೆ ಹೇಳುವುದಿಲ್ಲ. ಸುಳ್ಳು ಅಂತಲ್ಲ, ಅವರಿಗೇ ಗೊತ್ತಿರುವುದಿಲ್ಲ. ಅನ್ನ ಎಷ್ಟು ಅಂದರೆ "ಸ್ವಲ್ಪ", ಎಣ್ಣೆ ಅಂದರೆ "ಕಡಿಮೆನೇ ಹಾಕೋದು ಮೇಡಂ". ಅದಕ್ಕೆ ಮನೆಗೆ ಒಂದು ಕೆಲಸ ಕೊಟ್ಟು ಕಳಿಸುತ್ತೇನೆ. ಅನ್ನ ಬಡಿಸುವ ಸೌಟು, ಕಾಫಿ ಕುಡಿಯುವ ಲೋಟ ಎರಡನ್ನೂ ಚೀಲದಲ್ಲಿ ಹಾಕಿಕೊಂಡು ಬನ್ನಿ. ಒಂದು ಕೆಜಿ ಉಪ್ಪು ಒಡೆದ ದಿನ ಕ್ಯಾಲೆಂಡರ್ ಮೇಲೆ ಗುರುತು ಹಾಕಿ. ದೊಡ್ಡವರು ದಿನಕ್ಕೆ 5 ಗ್ರಾಂ ದಾಟಬಾರದು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ, ಅಂದರೆ ನಾಲ್ಕು ಜನರ ಮನೆಗೆ ಒಂದು ಕೆಜಿ 50 ದಿನ ಬರಬೇಕು. ಉಪ್ಪಿನಕಾಯಿ, ಹಪ್ಪಳದ ಉಪ್ಪು ಬೇರೆ. ಇಪ್ಪತ್ತು ದಿನಕ್ಕೆ ಖಾಲಿ ಆಯ್ತು ಅಂತ ಮುಂದಿನ ಭೇಟಿಗಳಲ್ಲಿ ಅವರೇ ಬಂದು ಹೇಳಿದಾಗ ನಾನು ಉಪ್ಪಿನ ಬಗ್ಗೆ ಭಾಷಣ ಮಾಡಬೇಕಾಗಿಯೇ ಇಲ್ಲ. ಈ ಎರಡನೇ ಸಲ ಹತ್ತು ದಿನದೊಳಗೇ ಆಗಬೇಕು. ತಡ ಆದರೆ ಸೌಟು ತರೋದು ಮರೆತುಹೋಗುತ್ತದೆ, ಉತ್ಸಾಹ ಕೂಡ ಇಳಿದಿರುತ್ತದೆ.

ಆದರೆ ನನ್ನ ಸಹೋದ್ಯೋಗಿ ಹೇಳಿದ ಒಂದು ಮಾತು ನನ್ನನ್ನೂ ಬದಲಾಯಿಸಿತು. "ನೀನು ಕರೆದ ಪ್ರತಿ ಸಲ ಅವರು ಒಂದು ದಿನದ ಕೂಲಿ ಕಳ್ಕೋತಾರೆ, ಅದನ್ನ ಎಲ್ಲಿ ಬರೀತೀಯ?" ಅಂದರು. ನಿಜ. ನನ್ನ ರಿಜಿಸ್ಟರ್‌ನಲ್ಲಿ ಐದು ಸಲವೂ ಬಂದವರು ಯಾರು ಅಂತ ನೋಡಿದರೆ, ಮೈಸೂರಿನೊಳಗೇ ಇರುವ ಕುವೆಂಪುನಗರ, ಸರಸ್ವತಿಪುರಂ ಕಡೆಯವರೇ ಜಾಸ್ತಿ. ದೂರದ ಎಚ್.ಡಿ. ಕೋಟೆ, ಗುಂಡ್ಲುಪೇಟೆ ಕಡೆಯವರು ಒಂದು ಸಲ ಬಂದು ನಿಂತುಹೋಗಿದ್ದರು. ಕೋಟೆ ಕಡೆಯ ಒಬ್ಬ ಅಜ್ಜ ನನಗೆ ನೇರವಾಗಿಯೇ ಹೇಳಿದ್ದರು: "ಎರಡು ಬಸ್ ಹತ್ತಿ ಬಂದು ಅದೇ ಮುದ್ದೆ ಲೆಕ್ಕ ಕೇಳ್ಕೊಂಡು ಹೋಗ್ಬೇಕಾ ತಾಯಿ?" ಆಗ ನಾನು ನಕ್ಕು ಸುಮ್ಮನಾಗಿದ್ದೆ. ಅವರು ಮತ್ತೆ ಬರಲಿಲ್ಲ. ಸಹಾಯ ಹೆಚ್ಚು ಬೇಕಿದ್ದವರಿಗೇ ನಮ್ಮಿಂದ ಕಡಿಮೆ ಸಿಕ್ಕಿತು ಅನ್ನುವುದು ನನಗೆ ಇವತ್ತಿಗೂ ಚುಚ್ಚುತ್ತದೆ.

ದೂರದವರಿಗೆ ಈಗ ಬೇರೆ ದಾರಿ. ಮೊದಲ ಭೇಟಿಯನ್ನ ಡಾಕ್ಟರ್ ನೋಡುವ ದಿನವೇ ಇಟ್ಟು, ಮುಕ್ಕಾಲು ಗಂಟೆ ಕೊಡುತ್ತೇನೆ. ಮನೆಯಲ್ಲಿ ಅಡುಗೆ ಮಾಡುವವರು ಜೊತೆಗೆ ಬರಲೇಬೇಕು, ಸೊಸೆಯೋ ಹೆಂಡತಿಯೋ ಯಾರೋ ಒಬ್ಬರು. ಎರಡನೆಯದು ಫೋನ್‌ನಲ್ಲಿ, ತಟ್ಟೆಯ ಫೋಟೋ ಮಗನ ಮೊಬೈಲ್‌ನಿಂದ ವಾಟ್ಸಾಪ್‌ಗೆ ಬರುತ್ತದೆ. ಫೋನ್ ಮಾಡಿದ್ದನ್ನೂ ಭೇಟಿ ಅಂತಲೇ ರಿಜಿಸ್ಟರ್‌ನಲ್ಲಿ ಬರೆಯುತ್ತೇನೆ. ಮೊದಮೊದಲು ಇದಕ್ಕೆ ಆಸ್ಪತ್ರೆಯ ಆಫೀಸಿನವರು ಒಪ್ಪಲಿಲ್ಲ, ಬಿಲ್ ಆಗದ ಕೆಲಸವನ್ನ ಯಾಕೆ ಬರೀತೀರಾ ಅಂದರು. ಬರೆಯದಿದ್ದರೆ ಆ ಕೆಲಸ ಯಾರ ಕಣ್ಣಿಗೂ ಬೀಳುವುದಿಲ್ಲ, ನಾಳೆ ನಾನು ರಜೆ ಹಾಕಿದರೆ ಪೇಷಂಟ್‌ಗೆ ಏನು ಹೇಳಿದ್ದೆ ಅಂತ ಇನ್ನೊಬ್ಬರಿಗೆ ಗೊತ್ತಾಗುವುದೂ ಇಲ್ಲ. ಅದನ್ನ ಮತ್ತೆ ಮತ್ತೆ ಹೇಳಿದ ಮೇಲೆ ಒಂದು ಕಾಲಂ ಕೊಟ್ಟರು.

ವಾರಗಿತ್ತಿಯರ ವಿಷಯಕ್ಕೆ ಬಂದರೆ, ನನ್ನ ಹತ್ತಿರ ಬರುತ್ತಿದ್ದವರಿಗೆ ಮುಂದಿನ ಎರಡು ಭೇಟಿ ತೆಗೆದುಹಾಕಿದೆ. ನಿಮ್ಮ ಕಾಯಿಲೆ ಹೆಚ್ಚಾಗಿ ಕರೆದದ್ದಲ್ಲ, ನನ್ನ ಅಭ್ಯಾಸದಿಂದ ಕರೆದದ್ದು ಅಂತ ಇದ್ದದ್ದನ್ನೇ ಹೇಳಿದೆ. ಕ್ಷಮೆ ಕೇಳಿದೆ. ವಾರಗಿತ್ತಿಯನ್ನ ನನ್ನ ಸಹೋದ್ಯೋಗಿ ತಾವೇ ಫೋನ್ ಮಾಡಿ ಎರಡನೇ ಸಲ ಕರೆಸಿಕೊಂಡರು. ಆಕೆ ಚಾರ್ಟ್ ನೋಡಿ ಅನ್ನ ಪೂರ್ತಿ ಬಿಟ್ಟು, ಹೊಟ್ಟೆ ತುಂಬದೇ ಸಂಜೆ ಹೊತ್ತು ಬನ್, ರಸ್ಕ್ ತಿನ್ನುತ್ತಿದ್ದರಂತೆ. ಇದು ಎರಡನೇ ಸಲ ಕೂರಿಸಿ ಕೇಳಿದ್ದಕ್ಕೆ ಗೊತ್ತಾಗಿದ್ದು.

ಪಿಸಿಓಡಿ, ಅಂದರೆ ಹಾರ್ಮೋನ್ ಏರುಪೇರಾಗಿ ಮುಟ್ಟು ತಪ್ಪುವ ತೊಂದರೆ ಇರುವ ಹುಡುಗಿಯರ ವಿಷಯದಲ್ಲಿ ನಾವು ಮೂವರೂ ಇನ್ನೂ ಒಪ್ಪಿಲ್ಲ. ನಾನು ತಿಂಗಳಿಗೊಮ್ಮೆ ಅನ್ನುತ್ತೇನೆ. ಇನ್ನೊಬ್ಬರು, ಪದೇ ಪದೇ ತೂಕ ನೋಡಿದರೆ ಆ ಹುಡುಗಿಯರು ಕುಗ್ಗಿಹೋಗುತ್ತಾರೆ, ಎರಡು ತಿಂಗಳಿಗೊಮ್ಮೆ ಸಾಕು ಅನ್ನುತ್ತಾರೆ. ಸದ್ಯಕ್ಕೆ ಅವರವರ ಥರ ನೋಡುತ್ತಿದ್ದೇವೆ, ಆದರೆ ಯಾಕೆ ಅಷ್ಟು ಸಲ ಅಂತ ಪ್ರತಿ ಫೈಲಿನ ಮೇಲೂ ಒಂದು ಸಾಲು ಬರೆಯುತ್ತೇವೆ.